ಬೆಳಗಾಗದ ಇರುಳೂ ಅರ್ಥ ಕೇಳುವವರೂ

ಹಾಸನಕ್ಕೆ ಸಮೀಪವಾದ ಬೂವನಹಳ್ಳಿಯಲ್ಲಿ, ಬಂಧುಗಳ ಮನೆಯ ಜಗಲಿಯ ಮೇಲೆ, ದೀಪಾವಳಿಗೆ ಮುಂಚಿನ ಒಂದು ಸಂಜೆ ನಾಲ್ಕಾರು ಜನ ಕುಳಿತಿದ್ದಾಗ ಮಾತು ಚಲಚ್ಚಿತ್ರಗಳ ಕಡೆಗೆ ತಿರುಗಿತು. ಪುಣೆಯ ಫಿಲ್ಮ್ ಅಂಡ್ ಟೆಲಿವಿಷನ್ ಇನ್‌ಸ್ಟಿಟ್ಯೂಟಿನಲ್ಲಿ ವ್ಯಾಸಂಗ ಮಾಡಿದ ಚಿದಾನಂದ ಎಸ್. ನಾಯ್ಕರೆಂಬ ಕನ್ನಡಿಗ ತರುಣರು ನಿರ್ದೇಶಿಸಿದ 16 ನಿಮಿಷಗಳ ಕನ್ನಡ ಚಿತ್ರಕ್ಕೆ, 2024ರ ಮೇ ತಿಂಗಳಿನಲ್ಲಿ ಫ್ರಾನ್ಸ್ ದೇಶದ ಕಾನ್ ಉತ್ಸವದಲ್ಲಿ, ವಿದ್ಯಾರ್ಥಿಗಳ ಕೃತಿಗಳಿಗೆ ಮೀಸಲಾದ ಲಾ ಸಿನೆಫ್ ವಿಭಾಗದ ಪ್ರಥಮ ಬಹುಮಾನವು ದೊರೆತ ಸಂಗತಿಯನ್ನು ನಾನು ಹೇಳಿದೆನು. 555 ಚಿತ್ರಶಾಲೆಗಳಿಂದ ಬಂದ 2,263 ಚಿತ್ರಗಳಲ್ಲಿ 18ನ್ನು ಮಾತ್ರ ಆರಿಸಿದ್ದರು. ಆ 18ರಲ್ಲಿ ಇದು ಮೊದಲನೆಯದಾಯಿತು. ‘ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ’, ಎಂದರೆ ಸೂರ್ಯಕಾಂತಿ ಹೂಗಳಿಗೇ ಮೊದಲು ತಿಳಿಯಿತು, ಎಂಬುದು ಅದರ ಹೆಸರು. ಕಥೆಯ ಎಳೆ ನಮ್ಮ ಅಜ್ಜಿಯರು ಹೇಳುತ್ತಿದ್ದುದೇ: ಮುದುಕಿಯೊಬ್ಬಳು ಊರಿನ ಹುಂಜವನ್ನು ಕದ್ದೊಯ್ಯುತ್ತಾಳೆ, ಊರಿಗೆ ಬೆಳಗೇ ಆಗುವುದಿಲ್ಲ.

ಅಲ್ಲಿದ್ದ ನಿವೃತ್ತ ಮೇಷ್ಟ್ರೊಬ್ಬರು ಇದನ್ನೆಲ್ಲ ಸಾವಧಾನವಾಗಿ ಕೇಳಿ, “ಬಹುಮಾನ ಬಂದದ್ದು ಸಂತೋಷವೇ ಸ್ವಾಮಿ. ಆದರೆ ಅದರ ಅರ್ಥವೇನು? ಕೋಳಿ ಕೂಗದಿದ್ದರೆ ಸೂರ್ಯ ಹುಟ್ಟುವುದಿಲ್ಲವೆ? ಭಯಪಡಿಸಿದವರು ಕಡೆಗೆ ಕಾರಣವನ್ನೂ ಹೇಳಬೇಕಷ್ಟೆ. ಸಂದಿಗ್ಧವೆಂಬುದು ಕಾವ್ಯದೋಷವೆಂದು ನಮ್ಮವರೇ ಹೇಳಿದ್ದಾರಲ್ಲ!” ಎಂದರು. ಈ ಅಭಿಪ್ರಾಯವು ಅವರೊಬ್ಬರದೇ ಅಲ್ಲ. ವಿದ್ಯಾವಂತರ ಮನೆಗಳಲ್ಲಿ ಇದು ಬಹುಮಟ್ಟಿಗೆ ಸರ್ವಸಮ್ಮತವಾಗಿದೆ. ಇದು ತಪ್ಪೆಂದೂ, ತಪ್ಪು ಮಾತ್ರವಲ್ಲದೆ ಅಪಾಯಕರವೆಂದೂ ನನಗೆ ತೋರುವುದರಿಂದ ಈ ಕೆಲವು ಮಾತುಗಳನ್ನು ವಾಚಕರ ಮುಂದೆ ಇಡುತ್ತೇನೆ.

ಮೊದಲು ಶಾಸ್ತ್ರದ ಆಕ್ಷೇಪವನ್ನು ನೋಡೋಣ. ಸಂದಿಗ್ಧವನ್ನು ಆಲಂಕಾರಿಕರು ದೋಷಗಳಲ್ಲಿ ಎಣಿಸಿರುವುದು ನಿಜ. ಆದರೆ ಅದೇ ಆಲಂಕಾರಿಕರು ಸಂದೇಹವೆಂಬುದನ್ನು ಅಲಂಕಾರಗಳಲ್ಲಿಯೂ ಎಣಿಸಿರುವುದನ್ನು ಮೇಷ್ಟ್ರು ಮರೆತರು. ಸಾಹಿತ್ಯದರ್ಪಣದ ವಿಶ್ವನಾಥನು ಈ ಅಲಂಕಾರಕ್ಕೆ ಶುದ್ಧ, ನಿಶ್ಚಯಗರ್ಭ, ನಿಶ್ಚಯಾಂತವೆಂದು ಮೂರು ಭೇದಗಳನ್ನು ಹೇಳಿರುವನು. ನಿಶ್ಚಯಾಂತದಲ್ಲಿ ಸಂದೇಹವು ಕಡೆಗೆ ತೀರುತ್ತದೆ. ಯಾವುದರಲ್ಲಿ ಸಂದೇಹವು ಸಂದೇಹವಾಗಿಯೇ ಮುಗಿಯುವುದೊ ಅದಕ್ಕೆ ಆತನಿಟ್ಟ ಹೆಸರು ಶುದ್ಧವೆಂದು! ಹೇಳಲು ಬಾರದೆ ತೊದಲುವುದು ದೋಷ; ಸಂದೇಹವನ್ನೇ ಹೇಳಬೇಕೆಂದು ಹೊರಟು ಅದನ್ನು ಹೇಳುವುದು ಅಲಂಕಾರ. ಹೀಗಿರುವಲ್ಲಿ, ತೀರದ ಸಂದೇಹವು ಪರದೇಶದಿಂದ ಬಂದ ಶೋಕಿಯೆಂದು ಹೇಳುವುದು ನಮ್ಮ ಮನೆಯ ಉಗ್ರಾಣದಲ್ಲಿರುವುದನ್ನು ನೆರೆಮನೆಯಿಂದ ಕಡ ತಂದೆವೆಂದಂತಾಗುತ್ತದೆ.

ಶಾಸ್ತ್ರವು ಹಾಗಿರಲಿ. ಅದೇ ಸಂಜೆ, ಅರ್ಧ ಗಂಟೆ ಕಳೆಯುವುದರೊಳಗೆ, ಅದೇ ಮೇಷ್ಟ್ರು ಮನೆಯ ಮಕ್ಕಳಿಗೆ ಹಾಸನಾಂಬೆಯ ಗುಡಿಯ ಸೊಸೆಕಲ್ಲಿನ ಕಥೆಯನ್ನು ಹೇಳಿದರು. ಆಶ್ವಯುಜದ ಹುಣ್ಣಿಮೆ ಕಳೆದ ಗುರುವಾರ ಬಾಗಿಲು ತೆರೆದು, ಬಲಿಪಾಡ್ಯಮಿಯಾದ ಮೇಲೆ ಮತ್ತೆ ವರ್ಷದವರೆಗೆ ಮುಚ್ಚುವ ಆ ಗುಡಿಯನ್ನು ನಮ್ಮ ಜಿಲ್ಲೆಯಲ್ಲಿ ಅರಿಯದವರಿಲ್ಲ. ಮನೆಗೆಲಸ ಬಿಟ್ಟು ದೇವಿಯ ಮುಂದೆ ಕುಳಿತಿದ್ದ ಸೊಸೆಯನ್ನು ಅತ್ತೆಯು ಹಿಂಬಾಲಿಸಿ ಬಂದು ತಲೆಯ ಮೇಲೆ ಹೊಡೆದಳಂತೆ. ಸೊಸೆ ದೇವಿಯನ್ನು ಕೂಗಿಕೊಂಡು ಅಲ್ಲಿಯೇ ಕಲ್ಲಾದಳಂತೆ. ಆ ಕಲ್ಲು ವರ್ಷಕ್ಕೆ ಒಂದು ಭತ್ತದ ಕಾಳಿನಷ್ಟು ದೇವಿಯ ಕಡೆಗೆ ಸರಿಯುತ್ತದಂತೆ. ಅದು ದೇವಿಯ ಪಾದವನ್ನು ಮುಟ್ಟಿದ ದಿನ ಕಲಿಯುಗವು ಮುಗಿಯುತ್ತದಂತೆ. ಮಕ್ಕಳು ಉಸಿರು ಬಿಗಿಹಿಡಿದು ಕೇಳಿದರು. ಕಲ್ಲಾಗಿಸಿದ್ದು ಕರುಣೆಯೊ, ಶಿಕ್ಷೆಯೊ? ನೊಂದವಳು ಕಲ್ಲಾದಳು, ಹೊಡೆದವಳಿಗೆ ಏನೂ ಆಗಲಿಲ್ಲ. ಇದು ಯಾವ ನ್ಯಾಯ? ಆಕೆ ದೇವಿಯನ್ನು ಸೇರಿದ ದಿನವೇ ಲೋಕವೇಕೆ ಮುಗಿಯಬೇಕು? ಕಥೆಯು ಇದಾವುದಕ್ಕೂ ಉತ್ತರ ಹೇಳುವುದಿಲ್ಲ. ಜಗಲಿಯಲ್ಲಿದ್ದ ಯಾರೊಬ್ಬರೂ ಉತ್ತರವನ್ನು ಕೇಳಲೂ ಇಲ್ಲ. ಅಜ್ಜಿಯ ಬಾಯಲ್ಲಿ ಬಂದರೆ ಒಪ್ಪತಕ್ಕದ್ದು ತರುಣನ ಕ್ಯಾಮರಾದಿಂದ ಬಂದರೆ ದೋಷವಾಗುವುದು ಹೇಗೆ?

ಇದಕ್ಕೆ ಕಾರಣವು ನಮ್ಮ ಚಿತ್ರಮಂದಿರಗಳಲ್ಲಿ ಬೆಳೆದ ಅಭ್ಯಾಸವೆಂದು ನಾನು ತಿಳಿಯುತ್ತೇನೆ. 1979ರ ‘ನಾ ನಿನ್ನ ಬಿಡಲಾರೆ’ಯಲ್ಲಿ ಪ್ರೇತದ ಕಾಟಕ್ಕೆ ಗುರುರಾಯರ ಕೃಪೆಯಿಂದ ಪರಿಹಾರ ದೊರೆಯಿತು, 2004ರ ‘ಆಪ್ತಮಿತ್ರ’ದಲ್ಲಿ ನಾಗವಲ್ಲಿಯ ಕಾಟಕ್ಕೆ ಮನೋವೈದ್ಯರು ಕಾರಣವನ್ನು ವಿವರಿಸಿದರು. ಇವನ್ನು ನಾನು ಹೀಗಳೆಯುವವನಲ್ಲ. ಎರಡನ್ನೂ ಮೆಚ್ಚಿ ನೋಡಿದ್ದೇನೆ. ಆದರೆ ಮಂತ್ರವಾಗಲಿ ವೈದ್ಯವಾಗಲಿ, ಕಡೆಯ ಹತ್ತು ನಿಮಿಷದಲ್ಲಿ ಬಂದು ಭಯದ ಲೆಕ್ಕವನ್ನು ಚುಕ್ತಾ ಮಾಡಲೇಬೇಕೆಂಬುದು ಈಗ ಕಟ್ಟಳೆಯಾಗಿಬಿಟ್ಟಿದೆ. ಹೊರದೇಶಗಳಲ್ಲಿಯೂ ಈ ಜಗಳ ಹಳೆಯದೇ. 1920ರಲ್ಲಿ ಜರ್ಮನಿಯಲ್ಲಿ ಬಂದ ‘ಡಾಕ್ಟರ್ ಕ್ಯಾಲಿಗರಿ’ಯ ಚಿತ್ರದಲ್ಲಿ, ಕಂಡ ಭಯವೆಲ್ಲ ಹುಚ್ಚನೊಬ್ಬನ ಕಲ್ಪನೆಯೆಂದು ಕೊನೆಗೆ ತೋರಿಸಿದರು, ಹಾಗೆ ಚೌಕಟ್ಟು ಹಾಕಿದ್ದರಿಂದ ಕಥೆಯ ಹಲ್ಲು ಕಿತ್ತಂತಾಯಿತೆಂದು ಕಥೆ ಬರೆದವರಲ್ಲೊಬ್ಬರು ಆಮೇಲೆ ದೂರಿಕೊಂಡರು. 1943ರಲ್ಲಿ ಅಮೆರಿಕದ ಮಾಯಾ ಡೆರೆನ್ ಎಂಬಾಕೆ ತನ್ನ ಪತಿಯೊಡನೆ ತೆಗೆದ ‘ಮೆಶಸ್ ಆಫ್ ದ ಆಫ್ಟರ್‌ನೂನ್’ ಎಂಬ ಸುಮಾರು 14 ನಿಮಿಷದ ಚಿತ್ರದಲ್ಲಿ ಒಂದು ಬೀಗದಕೈ, ಒಂದು ಚಾಕು, ಮುಖದ ಜಾಗದಲ್ಲಿ ಕನ್ನಡಿಯುಳ್ಳ ಒಂದು ಕರಿಯ ಆಕೃತಿ, ಇಷ್ಟೇ. ಕನಸೊ ನಿಜವೊ ಎಂಬುದನ್ನು ಆಕೆ ತೀರ್ಮಾನಿಸಿ ಕೊಡಲಿಲ್ಲ. 80 ವರ್ಷ ಮೀರಿದರೂ ಜನ ಅದನ್ನು ಮತ್ತೆ ಮತ್ತೆ ನೋಡುತ್ತಿದ್ದಾರೆ.

ಇಲ್ಲಿ ಮೇಷ್ಟ್ರ ಪಕ್ಷದಲ್ಲಿ ಒಂದು ಸತ್ಯಾಂಶವಿರುವುದನ್ನು ಮರೆಮಾಚಲಾರೆನು. ಮಂಜು ಕವಿದ ತೋಟ, ಕಿರುಗುಟ್ಟುವ ಬಾಗಿಲು, ಬೆನ್ನು ತಿರುಗಿಸಿ ನಿಂತ ಹುಡುಗಿ, ಇವಿಷ್ಟನ್ನು ಕೂಡಿಸಿ, ತಮಗೇ ಏನೂ ತೋಚದೆ, ಅರ್ಥವನ್ನು ನೋಡುವವರೇ ಕಟ್ಟಿಕೊಳ್ಳಲಿ ಎಂದು ಕೈತೊಳೆದುಕೊಳ್ಳುವ ಕಿರುಚಿತ್ರಗಳು ಈಗ ಬೇಕಾದಷ್ಟಿವೆ. ಸಾಚಾ ಯಾವುದು, ಸೋಗು ಯಾವುದು ಎಂಬುದಕ್ಕೆ ಒರೆಗಲ್ಲು ಬೇಕು. ಸೊಸೆಕಲ್ಲಿನ ಕಥೆಯೇ ಅದನ್ನು ಒದಗಿಸುತ್ತದೆ. ಅದರಲ್ಲಿ ಒಂದು ವಿವರವಾದರೂ ಮಸುಕಾಗಿಲ್ಲ: ಹೊಡೆದವಳು ಯಾರು, ಪೆಟ್ಟು ಎಲ್ಲಿ ಬಿತ್ತು, ಕಲ್ಲು ಎಷ್ಟು ಸರಿಯುತ್ತದೆ, ಎಲ್ಲವೂ ಖಚಿತ; ಅಳತೆಯಂತೂ ಭತ್ತದ ಕಾಳಿನಷ್ಟು ನಿಖರ. ತೀರ್ಪೊಂದೇ ಬಯಲು. ವಿವರಗಳು ಖಚಿತವಾಗಿದ್ದು ತೀರ್ಪು ಮಾತ್ರ ತೆರೆದಿದ್ದರೆ ಅದು ಕಲೆ. ವಿವರಗಳೇ ಮಸುಕಾಗಿದ್ದರೆ ಅದು ಸೋಮಾರಿತನ. ಇದನ್ನು ಬಿಟ್ಟು ಎರಡನ್ನೂ ಒಂದೇ ಮೊರದಲ್ಲಿ ಕೇರಿ ಆಚೆಗೆಸೆಯುವುದು ನ್ಯಾಯವಲ್ಲ.

ಇನ್ನು ಅಪಾಯದ ಮಾತು. ನಾಯ್ಕರ ಚಿತ್ರವು ಪೇಟೆಯಲ್ಲಿ ದೆವ್ವದ ಚಿತ್ರವೆನಿಸಿಕೊಳ್ಳುವ ಜಾತಿಯದಲ್ಲ. ಆದರೂ ಬೆಳಗಾಗದ ಇರುಳಿಗಿಂತ ದೊಡ್ಡ ಭಯ ಯಾವುದಿದೆ? ಆ ಇರುಳಿನಲ್ಲಿ ಊರಿನವರು ಮಾಡಿದ್ದೇನು? ಕತ್ತಲೆಗೆ ಕಾರಣ ಬೇಕಾಯಿತು. ಭವಿಷ್ಯವಾಣಿಯೊಂದನ್ನು ಆಶ್ರಯಿಸಿದರು, ಅದರಂತೆ ಮುದುಕಿಯ ಮನೆಮಂದಿಯನ್ನು ಊರಿನಿಂದ ಹೊರಗೆ ಕಳುಹಿಸಿದರು. ಅರ್ಥವೇನೆಂದು ಅವಸರಪಟ್ಟವರಿಗೆ ಅರ್ಥವು ದೊರೆಯಿತು. ಅದರ ಬೆಲೆಯನ್ನು ಒಂದು ಸಂಸಾರವು ತೆತ್ತಿತು.

ಇದು ಬರಿಯ ಕಥೆಯೆ? ಮಗುವಿನ ಜ್ವರ ಇಳಿಯದಿದ್ದರೆ, ಕೊಟ್ಟಿಗೆಯ ಹಸು ಸತ್ತರೆ, ಬಾವಿ ಬತ್ತಿದರೆ, ಒಂಟಿಯಾಗಿರುವ ಯಾವಳೊ ಮುದುಕಿಯ ಕಡೆಗೆ ಬೆರಳು ತಿರುಗುವುದನ್ನು ನಾವು ಕಂಡವರಲ್ಲವೆ? ಮಾಟಮಂತ್ರದ ಹೆಸರಿನಲ್ಲಿ ಮನುಷ್ಯರನ್ನು ಹಿಂಸಿಸಬಾರದೆಂದು 2017ರಲ್ಲಿ ನಮ್ಮ ರಾಜ್ಯದ ಶಾಸನಸಭೆಯು ಒಂದು ಕಾಯಿದೆಯನ್ನೇ ಮಾಡಬೇಕಾಯಿತು. ಅದು 2020ರಲ್ಲಿ ಜಾರಿಗೆ ಬಂದಿತು. ಕಾಯಿದೆಯು ಕೈಯನ್ನು ತಡೆದೀತು, ಮನಸ್ಸನ್ನು ತಡೆಯಲಾರದು. ತಿಳಿಯದುದರ ಮುಂದೆ ನಾಲ್ಕು ಗಳಿಗೆ ಸುಮ್ಮನೆ ನಿಲ್ಲುವುದನ್ನು, ಭಯವಾದಾಗ ಕೂಡಲೇ ಅಪರಾಧಿಯನ್ನು ಹುಡುಕದಿರುವುದನ್ನು, ಕಲಿಸತಕ್ಕದ್ದು ಕಲೆಯೇ. ಪ್ರತಿಯೊಂದು ಭಯಕ್ಕೂ ಎರಡು ಗಂಟೆಯೊಳಗೆ ಕಾರಣವೂ ಅಪರಾಧಿಯೂ ಸಿಕ್ಕುತ್ತಾರೆಂದು ಅಭ್ಯಾಸ ಮಾಡಿಸುವ ಚಿತ್ರಗಳು ಆ ಬೆರಳಿಗೆ ಬಲ ಕೊಡುತ್ತವೆಯೇ ಹೊರತು ಬುದ್ಧಿ ಕೊಡಲಾರವು. ಕಾರ್ಯಕಾರಣವನ್ನು ಶೋಧಿಸುವ ವಿಜ್ಞಾನವೂ ತಿಳಿಯದುದನ್ನು ತಿಳಿಯದೆಂದು ಒಪ್ಪಿಕೊಂಡೇ ಕೆಲಸವನ್ನಾರಂಭಿಸುತ್ತದೆ.

ಆ ಚಿತ್ರದ ಚಿತ್ರೀಕರಣವು ನಾಲ್ಕೇ ದಿನಗಳಲ್ಲಿ ಮುಗಿಯಿತು. ಛಾಯಾಗ್ರಹಣ ಸೂರಜ್ ಠಾಕೂರರದು, ಸಂಕಲನ ಮನೋಜ್ ವಿ. ಅವರದು, ಶಬ್ದ ಅಭಿಷೇಕ್ ಕದಂರದು, ಎಲ್ಲರೂ ವಿದ್ಯಾರ್ಥಿಗಳು. ನಿರ್ದೇಶಕರಂತೂ ವೈದ್ಯವಿದ್ಯೆಯನ್ನು ಓದಿ ಈ ಕಡೆಗೆ ಬಂದವರು. ನಮ್ಮ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಹುಡುಗ ಹುಡುಗಿಯರೂ ಇಂದು ಕೈಯಲ್ಲಿರುವ ಫೋನಿನಿಂದಲೇ ಚಿತ್ರ ತೆಗೆಯುತ್ತಿದ್ದಾರೆ. ಅವರಲ್ಲೊಬ್ಬರು ಹತ್ತು ನಿಮಿಷದ ಚಿತ್ರವನ್ನು ತಂದು ಮನೆಯ ಹಿರಿಯರ ಮುಂದೆ ಹಿಡಿದಾಗ, ಇದರ ನೀತಿಯೇನು ಎಂದು ಮೊದಲೇ ಗದರದಿರೋಣ. ನೀನು ಕಂಡದ್ದೇನು, ಅದನ್ನು ಸ್ಪಷ್ಟವಾಗಿ ತೋರಿಸಿದೆಯಾ, ಎಂದು ಕೇಳೋಣ. ಮೊದಲನೆಯ ಪ್ರಶ್ನೆಗೆ ಮಕ್ಕಳು ಸುಳ್ಳು ಉತ್ತರವನ್ನು ಬೇಗ ಕಲಿಯುತ್ತಾರೆ, ಎರಡನೆಯದಕ್ಕೆ ದುಡಿಯಬೇಕಾಗುತ್ತದೆ.

ಅಂದು ಜಗಲಿಯಿಂದ ಏಳುವಾಗ ನಾನು, “ಮೇಷ್ಟ್ರೇ, ಆ ಸೊಸೆ ಕಲ್ಲಾದದ್ದು ಒಳ್ಳೆಯದಾಯಿತೊ, ಕೆಟ್ಟದ್ದಾಯಿತೊ?” ಎಂದು ಕೇಳಿದೆನು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದನ್ನು ಐವತ್ತು ವರ್ಷದಿಂದ ಯೋಚಿಸುತ್ತಿದ್ದೇನೆ ಸ್ವಾಮಿ,” ಎಂದರು. ಐವತ್ತು ವರ್ಷ ಯೋಚನೆಗೆ ಹಚ್ಚಿದ ಕಥೆಯನ್ನು ಅರ್ಥವಿಲ್ಲದ್ದೆಂದು ಅವರು ಒಂದು ದಿನವೂ ಅಂದವರಲ್ಲ. ಹದಿನಾರು ನಿಮಿಷದ ಚಿತ್ರಕ್ಕೂ ಅಷ್ಟೇ ಉಪಕಾರವಾಗಲಿ ಎಂಬುದಿಷ್ಟೇ ನನ್ನ ವಿಜ್ಞಾಪನೆ.