ಕೊಂಡವರೇ ಒಡೆಯರು ಎಂದವರು ತಾವೇ

ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಮಾನ್ಯ ಸಚಿವರಿಗೆ,

ನಾನು ತಿರುಮಕೂಡಲು ನರಸೀಪುರದ ಒಬ್ಬ ಸಾಮಾನ್ಯ ಗ್ರಾಹಕ.

ತಮ್ಮ ಸಮಯ ಅಮೂಲ್ಯವಾದದ್ದು. ಆದ್ದರಿಂದ ತಮ್ಮ ಇಲಾಖೆಯದೇ ಮಾತಿನಿಂದ ಆರಂಭಿಸುತ್ತೇನೆ. 2022ರ ಜುಲೈಯಲ್ಲಿ, ದೇಶದ ಗ್ರಾಹಕರಿಗೆ ‘ರಿಪೇರಿ ಹಕ್ಕು’ ಕೊಡುವ ಚೌಕಟ್ಟನ್ನು ರೂಪಿಸಲು ತಮ್ಮ ಇಲಾಖೆ ಸಮಿತಿಯೊಂದನ್ನು ನೇಮಿಸಿತು. ಆಗ ಹೊರಡಿಸಿದ ಪ್ರಕಟಣೆಯನ್ನು ನಾನು ಜೋಪಾನವಾಗಿ ಇಟ್ಟುಕೊಂಡಿದ್ದೇನೆ. ವಸ್ತುವೊಂದನ್ನು ಕೊಂಡ ಮೇಲೆ ಅದು ಪೂರ್ತಿಯಾಗಿ ಕೊಂಡವರದೇ ಆಗಬೇಕು, ಅದನ್ನು ಸುಲಭವಾಗಿ ನ್ಯಾಯವಾದ ಖರ್ಚಿನಲ್ಲಿ ರಿಪೇರಿ ಮಾಡಿಸಲು, ಮಾರ್ಪಡಿಸಿಕೊಳ್ಳಲು ಅವರಿಗೆ ಸಾಧ್ಯವಾಗಬೇಕು, ಅದಕ್ಕಾಗಿ ತಯಾರಕರ ಮರ್ಜಿ ಕಾಯುವಂತಾಗಬಾರದು ಎಂಬುದು ಅದರ ಸಾರ. ಕೈಪಿಡಿ, ಸರ್ಕೀಟಿನ ನಕ್ಷೆ, ಬಿಡಿಭಾಗ, ದೋಷ ಪತ್ತೆ ಮಾಡುವ ಸಾಧನ ಇವೆಲ್ಲ ಹೊರಗಿನ ರಿಪೇರಿಯವರಿಗೂ ಸಿಗಬೇಕು, ತಂತ್ರಾಂಶದ ಲೈಸೆನ್ಸು ಇದಕ್ಕೆ ಅಡ್ಡ ಬರಬಾರದು ಎಂಬ ಆಶಯವೂ ಅದರಲ್ಲಿತ್ತು. ಆ ದಿನ ಆ ಕುರ್ಚಿಯಲ್ಲಿ ಯಾರಿದ್ದರು ಎಂಬುದು ನನಗೆ ಮುಖ್ಯವಲ್ಲ. ಮಾತು ಕುರ್ಚಿಯದು, ಇಂದು ಆ ಕುರ್ಚಿ ತಮ್ಮದು.

ನಾನು ಹುಟ್ಟಿ ಬೆಳೆದದ್ದು ನಂಜನಗೂಡು. ಹೊಟ್ಟೆಪಾಡು ಇಲ್ಲಿ, ತಾಲ್ಲೂಕು ಕಚೇರಿಗೆ ಹತ್ತಿರದ ಟೈಪಿಂಗ್ ಮತ್ತು ಜೆರಾಕ್ಸ್ ಅಂಗಡಿಯಲ್ಲಿ. ಪಹಣಿಗೆ ಬಂದ ರೈತರು, ಜಾತಿ–ಆದಾಯ ಪ್ರಮಾಣಪತ್ರದ ಅರ್ಜಿ ಹಿಡಿದ ತಾಯಂದಿರು, ವಿದ್ಯಾರ್ಥಿವೇತನದ ಕೊನೆಯ ದಿನ ಓಡಿಬರುವ ಹುಡುಗರು ನನ್ನ ಗಿರಾಕಿಗಳು. ಸರ್ಕಾರ ಎಲ್ಲವನ್ನೂ ಕಂಪ್ಯೂಟರಿಗೆ ತಂದ ಮೇಲೆ ಕಂಪ್ಯೂಟರು, ಪ್ರಿಂಟರು, ಫೋನುಗಳು ಈ ಜನರ ಪಾಲಿಗೆ ಶೋಕಿಯಾಗಿ ಉಳಿದಿಲ್ಲ. ರೇಷನ್ನಿಗೂ ಪಿಂಚಣಿಗೂ ಅವೇ ದಾರಿ. ಹಾಗಿರುವಾಗ ಆ ಯಂತ್ರಗಳ ಒಡೆತನ ಯಾರದು ಎಂಬ ಪ್ರಶ್ನೆ ಬೆಂಗಳೂರಿನ ಐಟಿ ಮಂದಿಗೆ ಎಷ್ಟು ಸೇರಿದ್ದೋ ನಮಗೂ ಅಷ್ಟೇ ಸೇರಿದ್ದು.

ನನ್ನ ಅಂಗಡಿಯ ಪ್ರಿಂಟರಿನ ಕಥೆಯನ್ನು ತಾವು ಕೇಳಬೇಕು. ರಸೀದಿ ಪಡೆದು, ಶೇ 18ರ ಜಿಎಸ್‌ಟಿ ಕಟ್ಟಿ ಕೊಂಡ ಯಂತ್ರ ಅದು. ರೀಫಿಲ್ ಮಾಡಿಸಿದ ಕಾರ್ಟ್ರಿಜ್ ಹಾಕಿಕೊಂಡು ಬಹುಕಾಲ ಚೆನ್ನಾಗಿಯೇ ನಡೆಯಿತು. ಒಂದು ಬೆಳಿಗ್ಗೆ, ರಾತ್ರಿ ತಾನಾಗಿ ಇಳಿದುಕೊಂಡ ಅಪ್‌ಡೇಟ್ ಆದ ಮೇಲೆ, ಅದೇ ಕಾರ್ಟ್ರಿಜ್ ‘ಅಸಲಿಯಲ್ಲ’ ಎಂದು ಯಂತ್ರ ಕೆಲಸ ನಿಲ್ಲಿಸಿತು. ಹಲ್ಲುಚಕ್ರ ಸವೆದಿರಲಿಲ್ಲ, ವೈರು ಸುಟ್ಟಿರಲಿಲ್ಲ. ರಿಪೇರಿಯವರು ನೋಡಿ, ಯಂತ್ರಕ್ಕೇನೂ ಆಗಿಲ್ಲ, ಒಳಗಿನ ಸಾಫ್ಟ್‌ವೇರ್ ಒಪ್ಪುತ್ತಿಲ್ಲ ಎಂದರು. ಕಂಪನಿಯ ಸಹಾಯವಾಣಿಯವರು, ಯಂತ್ರ ಚಾಲೂ ಮಾಡಿದ ದಿನವೇ ನೀವು ಷರತ್ತುಗಳನ್ನು ಒಪ್ಪಿದ್ದೀರಿ ಎಂದರು. ಆ ಕಂಪನಿಯ ಹೆಸರು ಬರೆಯುವುದಿಲ್ಲ. ಒಬ್ಬರ ಹೆಸರು ಬರೆದರೆ ಉಳಿದವರೆಲ್ಲ ನಿರಪರಾಧಿಗಳಾಗಿಬಿಡುತ್ತಾರೆ. ನಾನು ಕೇಳುವುದು ಇಷ್ಟೇ: ಹಣ ಕೊಟ್ಟು ತಂದ ಯಂತ್ರವನ್ನು, ನನ್ನ ಅಂಗಡಿಯೊಳಗೆ, ನಾನು ನಿದ್ದೆಯಲ್ಲಿರುವಾಗ, ಮಾರಿದವರು ಬದಲಾಯಿಸಬಹುದಾದರೆ ಅದು ಯಾರ ಯಂತ್ರ?

ಫೋನುಗಳ ಕಥೆಯೂ ಇದೇ. ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಆಸ್ಟ್ರಿಯಾ ಮೂಲದ ಎಟಿ ಅಂಡ್ ಎಸ್ ಕಂಪನಿಯ ಕಾರ್ಖಾನೆಯಿದೆ. ಎಲೆಕ್ಟ್ರಾನಿಕ್ ಉಪಕರಣಗಳ ಒಡಲಾದ ಸರ್ಕೀಟ್ ಬೋರ್ಡುಗಳು ಅಲ್ಲಿ ತಯಾರಾಗುತ್ತವೆ. ಅಂಥ ಬೋರ್ಡು ಮಾಡುವ ಕೈಗಳು ನಮ್ಮ ಊರಿನಲ್ಲಿವೆ. ಅದೇ ಊರಿನ ಪೇಟೆಯಲ್ಲಿ ಭೂತಗನ್ನಡಿ ಹಿಡಿದು, ಬೆಸುಗೆಯ ಕಡ್ಡಿ ಕಾಯಿಸಿ ಮೊಬೈಲು ರಿಪೇರಿ ಮಾಡುವ ಹುಡುಗರಿಗೆ ಮಾತ್ರ ತಮ್ಮ ಮುಂದಿರುವ ಬೋರ್ಡಿನ ನಕ್ಷೆ ಸಿಗುವುದಿಲ್ಲ. ಕೆಲವು ಫೋನುಗಳಲ್ಲಿ ಒಂದರ ಅಸಲಿ ಭಾಗವನ್ನೇ ಬಿಚ್ಚಿ ಇನ್ನೊಂದಕ್ಕೆ ಹಾಕಿದರೂ ತಂತ್ರಾಂಶ ತಕರಾರು ತೆಗೆಯುತ್ತದೆ. ಹುಡುಗರಿಗೆ ಕೈಚಳಕ ಕಡಿಮೆಯಿಲ್ಲ. ಒಂದು ಚಿಕ್ಕ ಬಿಡಿಭಾಗ ಬದಲಾಯಿಸಿದರೆ ಮುಗಿಯುವ ಕೆಲಸಕ್ಕೆ ಮೈಸೂರಿನ ಸರ್ವೀಸ್ ಸೆಂಟರಿನವರು ಇಡೀ ಬೋರ್ಡೇ ಹೋಗಿದೆ ಎಂದು ಲೆಕ್ಕ ಕೊಡುತ್ತಾರೆ. ಬಡವರು ಆ ಲೆಕ್ಕ ಕೇಳಿ ಫೋನನ್ನು ಜೇಬಿಗೆ ಹಾಕಿಕೊಂಡು ವಾಪಸಾಗುತ್ತಾರೆ. ತಮ್ಮ ಪ್ರಕಟಣೆ ಜಾರಿಗೆ ಬರಬೇಕಾಗಿದ್ದುದು ಈ ಜಾಗದಲ್ಲಿ.

ಜಾರಿಗೆ ಬಂದದ್ದೇನು? 2022ರ ಡಿಸೆಂಬರ್ 24ರಂದು, ರಾಷ್ಟ್ರೀಯ ಗ್ರಾಹಕರ ದಿನಾಚರಣೆಯಲ್ಲಿ, ಒಂದು ಪೋರ್ಟಲ್ ಉದ್ಘಾಟನೆಯಾಯಿತು. ಕಂಪನಿಗಳು ಇಷ್ಟಪಟ್ಟು ಕೊಟ್ಟ ಮಾಹಿತಿ ಅಲ್ಲಿದೆ, ಕೊಡದಿದ್ದವರಿಗೆ ಶಿಕ್ಷೆಯಿಲ್ಲ. 2024ರ ಸೆಪ್ಟೆಂಬರಿನಲ್ಲಿ ಮತ್ತೊಂದು ಸಮಿತಿ ಬಂತು. ಈ ಬಾರಿ ರಿಪೇರಿಗೆ ಎಷ್ಟು ಸುಲಭ ಎಂದು ಅಂಕ ಕೊಡುವ ಸೂಚ್ಯಂಕಕ್ಕಾಗಿ. ಅದರ ವರದಿ 2025ರ ಮೇ ತಿಂಗಳಲ್ಲಿ ತಮ್ಮ ಇಲಾಖೆಯ ಕೈಸೇರಿತು. ಫ್ರಾನ್ಸ್ ದೇಶದ ಅಂಗಡಿಗಳಲ್ಲಿ ಇಂಥ ಸೂಚ್ಯಂಕ 2021ರಿಂದಲೇ ಕಡ್ಡಾಯ. ಯುರೋಪಿನ ಒಕ್ಕೂಟ 2024ರಲ್ಲಿ ರಿಪೇರಿ ಹಕ್ಕಿನ ನಿರ್ದೇಶನವನ್ನೇ ಹೊರಡಿಸಿತು. ನಮಗೆ ಸಿಕ್ಕದ್ದು ಸಮಿತಿ, ಪೋರ್ಟಲ್, ಮತ್ತೆ ಸಮಿತಿ, ವರದಿ. ಕಾಯ್ದೆ ಮಾತ್ರ ಬರಲಿಲ್ಲ.

ಕಾಯ್ದೆ ಮಾಡಲು ಸಮಯ ಬೇಕು ಎಂದು ತಾವು ಹೇಳಬಹುದು. ಹಾಗಾದರೆ 2025ರ ಆಗಸ್ಟ್ ತಿಂಗಳನ್ನು ನೆನಪಿಸಲು ಅಪ್ಪಣೆ ಕೊಡಿ. ಆನ್‌ಲೈನ್ ಗೇಮಿಂಗ್ ಮಸೂದೆ 20ರಂದು ಮಂಡನೆಯಾಗಿ ಅಂದೇ ಲೋಕಸಭೆಯಲ್ಲಿ ಒಪ್ಪಿಗೆ ಪಡೆಯಿತು. 21ಕ್ಕೆ ರಾಜ್ಯಸಭೆ, 22ಕ್ಕೆ ರಾಷ್ಟ್ರಪತಿಗಳ ಅಂಕಿತ. ಹಣ ಕಟ್ಟಿ ಆಡುವ ಆಟಗಳಿಗೆ ಬಿದ್ದ ಆ ನಿಷೇಧವನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ರಮ್ಮಿಯ ಆ್ಯಪಿನಲ್ಲಿ ಸಂಬಳ ಕಳೆದುಕೊಂಡು ಸಾಲದ ಅರ್ಜಿ ಟೈಪ್ ಮಾಡಿಸಲು ಬಂದವರ ಮುಖ ನಾನು ನೋಡಿದ್ದೇನೆ. ನಮ್ಮ ರಾಜ್ಯ 2021ರಲ್ಲಿ ಮಾಡಿದ ಇಂಥದೇ ತಿದ್ದುಪಡಿ 2022ರ ಫೆಬ್ರುವರಿ 14ರಂದು ಹೈಕೋರ್ಟಿನಲ್ಲಿ ಬಿದ್ದುಹೋದಾಗ ಬೇಸರಪಟ್ಟವರಲ್ಲಿ ನಾನೂ ಒಬ್ಬ. ಆದರೆ ಆ ಮೂರು ದಿನಗಳು ಒಂದು ಸಂಗತಿಯನ್ನು ಸಾಬೀತು ಮಾಡಿದವು. ಇಲಾಖೆ ಬೇರೆಯಾದರೂ ಸಂಪುಟ ಒಂದೇ. ಮನಸ್ಸಿದ್ದರೆ ತಮ್ಮ ಸರ್ಕಾರಕ್ಕೆ ಮೂರು ದಿನ ಸಾಕು. ರಿಪೇರಿ ಹಕ್ಕಿಗೆ ಮೂರು ವರ್ಷ ಸಾಲದಾದದ್ದು ಸಮಯದ ಅಭಾವದಿಂದಲ್ಲ.

ಆ ಕಾಯ್ದೆಯೂ ಜೂಜಾಡುವವರನ್ನು ನೋಡಿತೇ ಹೊರತು, ಆಟವನ್ನು ಕೊಂಡು ನ್ಯಾಯವಾಗಿ ಆಡುವ ಮಕ್ಕಳನ್ನು ನೋಡಲಿಲ್ಲ. 2020ರ ಸೆಪ್ಟೆಂಬರ್ 2ರಂದು ಪಬ್‌ಜಿ ಎಂಬ ಮೊಬೈಲ್ ಆಟ ನಿಷೇಧವಾಯಿತು. ಅದರ ಬದಲಿಗೆ 2021ರಲ್ಲಿ ಬಂದ ಬಿಜಿಎಂಐ 2022ರ ಜುಲೈಯಲ್ಲಿ ಆ್ಯಪ್ ಅಂಗಡಿಗಳಿಂದ ಮಾಯವಾಗಿ 2023ರ ಮೇ ತಿಂಗಳಲ್ಲಿ ಮರಳಿತು. ದೇಶದ ಭದ್ರತೆಯ ಪ್ರಶ್ನೆಯನ್ನು ನಾನು ಎತ್ತುವುದಿಲ್ಲ, ಅದು ಸರ್ಕಾರ ನೋಡಿಕೊಳ್ಳಬೇಕಾದ ವಿಷಯ. ಆದರೆ ಆ ಆಟಗಳಲ್ಲಿ ಹಣ ಕೊಟ್ಟು ಕೊಂಡ ವಸ್ತುಗಳ ಗತಿಯೇನು ಎಂದು ಯಾವ ಅಧಿಸೂಚನೆಯೂ ಕೇಳಲಿಲ್ಲ. ಹಳೆಯ ಖಾತೆಯನ್ನು ಹೊಸ ಆಟಕ್ಕೆ ತಂದುಕೊಳ್ಳಲು ಕಂಪನಿ ಕೆಲಕಾಲ ಅವಕಾಶ ಕೊಟ್ಟಿತು. ಅದು ಕಂಪನಿಯ ದಯೆ. ದಯೆ ಸಿಕ್ಕಲ್ಲಿ ಹಕ್ಕು ಇದೆಯೆಂದು ಅರ್ಥವಲ್ಲ.

ದಯೆ ಸಿಗದಿದ್ದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆಯಿದೆ. ಯೂಬಿಸಾಫ್ಟ್ ಎಂಬ ಫ್ರೆಂಚ್ ಕಂಪನಿ 2014ರಲ್ಲಿ ಬಿಡುಗಡೆ ಮಾಡಿದ ‘ದಿ ಕ್ರ್ಯೂ’ ಎಂಬ ಕಾರು ಓಟದ ಆಟದ ಸರ್ವರ್‌ಗಳನ್ನು 2024ರ ಮಾರ್ಚ್ 31ರಂದು ನಿಲ್ಲಿಸಿತು. ಪೂರ್ತಿ ಬೆಲೆ ಕೊಟ್ಟವರಿಗೂ ಅಂದೇ ಆಟ ನಿಂತುಹೋಯಿತು. ಕೊಂಡ ಆಟವನ್ನು ಹೀಗೆ ಕೊಲ್ಲಬಾರದು ಎಂದು ಯುರೋಪಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿ 1ರಿಂದ, ಮಾರುತ್ತಿರುವುದು ಬರಿಯ ಲೈಸೆನ್ಸು ಎಂಬುದನ್ನು ಗಿರಾಕಿಗೆ ಸ್ಪಷ್ಟವಾಗಿ ತಿಳಿಸದೆ ಡಿಜಿಟಲ್ ಸರಕನ್ನು ಮಾರಾಟವೆಂದು ಕರೆಯುವಂತಿಲ್ಲ. ತಮ್ಮ ಸರ್ಕಾರ ‘ಜಾಗೋ ಗ್ರಾಹಕ್ ಜಾಗೋ’ ಎನ್ನುತ್ತದೆ. ಗ್ರಾಹಕರು ಎದ್ದಾಗಿದೆ, ಕಾಯುತ್ತಿರುವುದು ಎಬ್ಬಿಸಿದವರು ಏಳಲೆಂದು.

ತಂತ್ರಾಂಶ ಬೇರೆಯ ಬಗೆಯದು, ಅದು ಸರಕಲ್ಲ ಎಂಬ ಸಮಾಧಾನ ತಮಗೆ ಸಿಗುವುದಿಲ್ಲ. 2004ರ ನವೆಂಬರ್ 5ರಂದು, ಟಾಟಾ ಕನ್ಸಲ್ಟೆನ್ಸಿ ಸರ್ವೀಸಸ್ ಮತ್ತು ಆಂಧ್ರಪ್ರದೇಶ ಸರ್ಕಾರದ ನಡುವಿನ ಪ್ರಕರಣದಲ್ಲಿ, ಸಿದ್ಧ ತಂತ್ರಾಂಶ ಸರಕೇ, ಅದರ ಮೇಲೆ ಮಾರಾಟ ತೆರಿಗೆ ಹಾಕಬಹುದು ಎಂದು ಸುಪ್ರೀಂ ಕೋರ್ಟ್ ಹೇಳಿತು. ಅತ್ತ ಆದಾಯ ತೆರಿಗೆ ಇಲಾಖೆ, ಹೊರದೇಶದಿಂದ ತಂದ ತಂತ್ರಾಂಶಕ್ಕೆ ಕೊಟ್ಟ ಹಣ ಬೆಲೆಯಲ್ಲ, ಕೃತಿಸ್ವಾಮ್ಯದ ಬಳಕೆಗೆ ಕೊಟ್ಟ ರಾಯಲ್ಟಿ ಎಂದು ವಾದಿಸುತ್ತ ಬಂತು. ಬೆಂಗಳೂರಿನಿಂದ ಹೊರಟ ಎಂಜಿನಿಯರಿಂಗ್ ಅನಾಲಿಸಿಸ್ ಸೆಂಟರ್ ಪ್ರಕರಣದಲ್ಲಿ, 2021ರ ಮಾರ್ಚ್ 2ರಂದು, ಸುಪ್ರೀಂ ಕೋರ್ಟ್ ಆ ವಾದವನ್ನು ತಳ್ಳಿಹಾಕಿ, ಇದು ಸರಕಿನ ಮಾರಾಟ ಎಂದಿತು. ತೆರಿಗೆ ಎತ್ತಲು ಸರಕು ಎಂದೂ ಆಯಿತು, ಲೈಸೆನ್ಸು ಎಂದೂ ಆಯಿತು. ಕೊಂಡವರು ನಮ್ಮ ಸರಕು ಎಂದು ಕೇಳಿದಾಗ ಮಾತ್ರ ಮೌನ. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದಕ್ಕೆ ಸುಣ್ಣ ಎಂದರೆ ಇದೇ.

ಇರುವ ಕಾನೂನಾದರೂ ನಮ್ಮ ಕೈಗೆ ಎಟುಕುತ್ತದೆಯೇ? 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು, ನ್ಯಾಯವಾಗಿ ಪಡೆದ ಕಂಪ್ಯೂಟರ್ ಪ್ರೋಗ್ರಾಮು ಹಾಳಾಗದಂತೆ ಬ್ಯಾಕಪ್ ಪ್ರತಿ ಇಟ್ಟುಕೊಳ್ಳಲು ಅನುಮತಿ ಕೊಡುತ್ತದೆ. ಕಂಪನಿಯ ಡಿಜಿಟಲ್ ಬೀಗ ಆ ಪ್ರತಿ ಮಾಡಲು ಬಿಡುವುದಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಮಾತು ನಮ್ಮ ನಂಜುಂಡೇಶ್ವರನ ಊರಿನವರಿಗೆ ಹೊಸದಲ್ಲ. ತಮ್ಮ ಇಲಾಖೆಯದೇ ಆದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನ್ಯಾಯದ ಕರಾರು ಎಂದರೇನು ಎಂಬುದನ್ನು ವಿವರಿಸುತ್ತದೆ. ಸಕಾರಣವಿಲ್ಲದೆ ಒಬ್ಬರೇ ಕರಾರು ಮುರಿಯಬಹುದಾದ ಷರತ್ತೂ ಆ ವಿವರಣೆಯಲ್ಲಿದೆ. ಅದನ್ನು ಓದಿ ಸಂತೋಷಪಟ್ಟೆ. ಆಮೇಲೆ 47ನೇ ಕಲಮು ಓದಿದೆ. ಅನ್ಯಾಯದ ಕರಾರಿನ ದೂರು ರಾಜ್ಯ ಗ್ರಾಹಕ ಆಯೋಗಕ್ಕೇ ಹೋಗಬೇಕು. ಅದನ್ನು ಕೇಳುವ ಅಧಿಕಾರ ಮೈಸೂರಿನ ಜಿಲ್ಲಾ ಆಯೋಗಕ್ಕಿಲ್ಲ. ಕೆಲವೇ ಸಾವಿರದ ಪ್ರಿಂಟರಿಗಾಗಿ, ಕೆಲವೇ ನೂರರ ಆಟಕ್ಕಾಗಿ ನರಸೀಪುರದವರು ಬೆಂಗಳೂರಿಗೆ ಅಲೆಯಬೇಕೆಂದು ವಿಧಿಸುವುದು ಹಕ್ಕನ್ನು ಕೊಟ್ಟು ಕಿತ್ತುಕೊಂಡಂತೆ.

ಬೌದ್ಧಿಕ ಆಸ್ತಿಯ ಹಕ್ಕನ್ನು ಕಾಪಾಡಬೇಕಲ್ಲ ಎಂಬುದು ಕಂಪನಿಗಳ ಕೊನೆಯ ವಾದ. ಅದಕ್ಕೂ ಇದೇ ದೇಶದ ಸಂಸತ್ತು ಉತ್ತರ ಕೊಟ್ಟಾಗಿದೆ. ನಮ್ಮ ತಾಲ್ಲೂಕು ನಾಲೆಯ ನೀರಿನ ಭತ್ತದ ಸೀಮೆ. ಇಲ್ಲಿನ ರೈತರು ಸಂರಕ್ಷಿತ ತಳಿಯ ಬೀಜ ತಂದು ಬೆಳೆದರೂ, ಆ ಬೆಳೆಯಿಂದ ಬಿತ್ತನೆಗೆ ಎತ್ತಿಟ್ಟುಕೊಳ್ಳಬಹುದು, ಮತ್ತೆ ಬಿತ್ತಬಹುದು, ನೆರೆಯವರಿಗೆ ಕೊಡಬಹುದು, ಬ್ರ್ಯಾಂಡಿನ ಹೆಸರು ಹಚ್ಚದೆ ಮಾರಲೂಬಹುದು. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ 39ನೇ ಕಲಮು ಕೊಟ್ಟ ಹಕ್ಕು ಇದು. ತಳಿ ಸೃಷ್ಟಿಸಿದವರ ಹಕ್ಕೂ ಉಳಿಯಿತು, ಕೊಂಡವರ ಹಕ್ಕೂ ಉಳಿಯಿತು. ಬೀಜದಲ್ಲಿ ಸಾಧ್ಯವಾದ ನ್ಯಾಯ ಯಂತ್ರದಲ್ಲಿ ಯಾಕೆ ಆಗದು?

ಮುಚ್ಚಿಟ್ಟರೇ ತಂತ್ರಜ್ಞಾನ ಬೆಳೆಯುತ್ತದೆ ಎಂಬುದೂ ನಿಜವಲ್ಲ. ನನ್ನ ಬೆರಳುಗಳು ದಿನವಿಡೀ ಓಡಾಡುವ ಕನ್ನಡ ಕೀಲಿಮಣೆಯ ವಿನ್ಯಾಸ ಕೆ.ಪಿ. ರಾವ್ ಅವರದು. ಅವರು ಅದಕ್ಕೆ ಬೀಗ ಹಾಕಲಿಲ್ಲ. ಇಡೀ ನಾಡು ಟೈಪ್ ಮಾಡಲು ಕಲಿಯಿತು. ನರಸೀಪುರ ಮತ್ತು ನಂಜನಗೂಡನ್ನು ಹಾದು ಗುಂಡ್ಲುಪೇಟೆ, ಬಂಡೀಪುರದ ಮೇಲೆ ವಯನಾಡಿಗೆ ಇಳಿಯುವ 766ನೇ ರಾಷ್ಟ್ರೀಯ ಹೆದ್ದಾರಿಯ ಆ ತುದಿಯಲ್ಲಿ, ಕೇರಳದ ಸರ್ಕಾರಿ ಶಾಲೆಗಳ ಮಕ್ಕಳು ವರ್ಷಗಳಿಂದ ಮುಕ್ತ ತಂತ್ರಾಂಶದಲ್ಲೇ ಕಲಿಯುತ್ತಿದ್ದಾರೆ. ತಮ್ಮ ಸರ್ಕಾರವೇ 2015ರಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡುವ ನೀತಿ ಪ್ರಕಟಿಸಿತು. ಸರ್ಕಾರಿ ತಂತ್ರಾಂಶಗಳ ಮೂಲ ಸಂಕೇತವನ್ನು ತೆರೆದಿಡುವ ನೀತಿಯನ್ನೂ ಅದೇ ವರ್ಷ ತಂದಿತು. ದಾರಿ ಗೊತ್ತಿಲ್ಲದೆ ತಾವು ನಿಂತಿಲ್ಲ ಎಂಬುದಕ್ಕೆ ತಮ್ಮದೇ ಕಾಗದಗಳು ಸಾಕ್ಷಿ.

ಆದ್ದರಿಂದ ಮಾನ್ಯರೇ, ನನ್ನ ಬೇಡಿಕೆ ಮೂರೇ. ರಿಪೇರಿ ಹಕ್ಕು ಕಾಯ್ದೆಯಾಗಲಿ: ನಕ್ಷೆ, ಬಿಡಿಭಾಗ, ಸಾಧನಗಳು ನ್ಯಾಯವಾದ ಬೆಲೆಗೆ ಎಲ್ಲರಿಗೂ ಸಿಗಲಿ, ಮಾರಿದ ಮೇಲೆ ಅಪ್‌ಡೇಟಿನ ಮೂಲಕ ಯಂತ್ರಕ್ಕೆ ಹೊಸ ಬೀಗ ಹಾಕುವುದು ಅಪರಾಧವಾಗಲಿ. ಸರ್ವರ್ ನಿಲ್ಲಿಸುವ ಕಂಪನಿ, ಕೊಂಡವರು ಆಟವನ್ನೋ ತಂತ್ರಾಂಶವನ್ನೋ ತಾವೇ ನಡೆಸಿಕೊಳ್ಳುವ ದಾರಿ ಬಿಡಲಿ, ಇಲ್ಲವೇ ಹಣ ಹಿಂದಿರುಗಿಸಲಿ. ಅನ್ಯಾಯದ ಕರಾರಿನ ದೂರು ಕೇಳುವ ಅಧಿಕಾರ ಜಿಲ್ಲಾ ಆಯೋಗಗಳಿಗೆ ಬರಲಿ.

ಇವುಗಳಲ್ಲಿ ಮೊದಲನೆಯದು ತಮ್ಮದೇ ಪ್ರಕಟಣೆಯ ಮಾತು, ಕೊನೆಯದು ತಮ್ಮದೇ ಕಾಯ್ದೆಯ ತಿದ್ದುಪಡಿ. ಎರಡಕ್ಕೂ ಬೇರೆಯವರನ್ನು ಕೇಳಬೇಕಾಗಿಲ್ಲ. ಇನ್ನೊಂದು ಸಮಿತಿ ನೇಮಿಸಬೇಡಿ, ಇನ್ನೊಂದು ಪೋರ್ಟಲ್ ಉದ್ಘಾಟಿಸಬೇಡಿ. ಸಂಸತ್ತಿನ ಮುಂದಿನ ಅಧಿವೇಶನದಲ್ಲಿ ಮಸೂದೆಯನ್ನು ಮಂಡಿಸಿ. ಈ ಪತ್ರವನ್ನು ಓದುತ್ತಿರುವ ಗ್ರಾಹಕರಲ್ಲೂ ಒಂದು ಮನವಿ: ಮುಂದಿನ ಬಾರಿ ಮತ ಕೇಳಿಕೊಂಡು ಬಂದವರ ಮುಂದೆ ಈ ಮೂರು ಬೇಡಿಕೆಗಳನ್ನಿಟ್ಟು, ಹೌದೋ ಇಲ್ಲವೋ ಎಂದು ಕೇಳಿ.

ಗೌರವಗಳೊಂದಿಗೆ,
ತಿ.ನರಸೀಪುರದ ಒಬ್ಬ ಗ್ರಾಹಕ