ಬೆಳಗಿನ ತಿಂಡಿ ಬಿಟ್ಟರೆ ಮಕ್ಕಳ ನೆನಪಿನ ಶಕ್ತಿ ಹೋಗುತ್ತದೆಯೇ?

‘ಮೆದುಳಿಗೆ ಹಾನಿ ಮಾಡುವ ಅಭ್ಯಾಸಗಳು’ ಎಂಬ ಪಟ್ಟಿಯೊಂದು ವಾಟ್ಸಾಪ್‌ನಲ್ಲಿ ವರ್ಷಗಳಿಂದ ಹರಿದಾಡುತ್ತಿದೆ. ಬೆಳಗಿನ ತಿಂಡಿ ಬಿಡುವುದೂ ಅದರಲ್ಲಿದೆ. ಇದು ಎಷ್ಟು ನಿಜ?

ಒಂದು ದಿನ ತಿಂಡಿ ತಪ್ಪಿದರೆ?

ಮೆದುಳಿನ ಮುಖ್ಯ ಇಂಧನ ಗ್ಲೂಕೋಸ್. ದೊಡ್ಡವರಲ್ಲಿ ದೇಹದ ತೂಕದ ಸುಮಾರು ಶೇ 2ರಷ್ಟಿರುವ ಮೆದುಳು, ವಿಶ್ರಾಂತಿಯ ಹೊತ್ತಿನಲ್ಲಿ ಖರ್ಚಾಗುವ ಶಕ್ತಿಯ ಶೇ 20ರಷ್ಟನ್ನು ಬಳಸುತ್ತದೆ. ಮಕ್ಕಳಲ್ಲಿ ಈ ಪಾಲು ಇನ್ನೂ ಹೆಚ್ಚು. ರಾತ್ರಿಯಿಡೀ ಉಪವಾಸವಿದ್ದಾಗ ಲಿವರ್ ತಾನು ಕೂಡಿಟ್ಟ ಗ್ಲೂಕೋಸನ್ನು ರಕ್ತಕ್ಕೆ ಬಿಡುತ್ತದೆ. ಹಾಗಾಗಿ ಒಂದು ದಿನ ತಿಂಡಿ ಬಿಟ್ಟ ಮಾತ್ರಕ್ಕೆ ಮೆದುಳು ಹಾಳಾಗುವುದಿಲ್ಲ, ಕಲಿತದ್ದು ಅಳಿಸಿಹೋಗುವುದಿಲ್ಲ. ಆದರೆ ಹಸಿದ ಮಗುವಿನ ಗಮನ ಪಾಠದ ಮೇಲೆ ನಿಲ್ಲುವುದು ಕಷ್ಟ. ಗಮನವಿಟ್ಟು ಕೇಳದ ಪಾಠ ನೆನಪಿನಲ್ಲಿ ಉಳಿಯುವುದಾದರೂ ಹೇಗೆ?

ಎಲ್ಲ ಮಕ್ಕಳಿಗೂ ಒಂದೇ ಪರಿಣಾಮವೇ?

ಇಲ್ಲ. ಜಮೈಕಾದಲ್ಲಿ 9–10 ವರ್ಷದ ಮಕ್ಕಳ ಮೇಲೆ ನಡೆದು 1989ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅಪೌಷ್ಟಿಕತೆಯಿಂದ ಬಳಲಿದ ಮಕ್ಕಳು ತಿಂಡಿ ಬಿಟ್ಟ ದಿನ ಕೆಲವು ಬೌದ್ಧಿಕ ಪರೀಕ್ಷೆಗಳಲ್ಲಿ ಹಿಂದೆ ಬಿದ್ದರು. ಚೆನ್ನಾಗಿ ಬೆಳೆದಿದ್ದ ಮಕ್ಕಳಲ್ಲಿ ಅಂಥ ಹಿನ್ನಡೆ ಕಾಣಲಿಲ್ಲ. ಅಂದರೆ ತಿಂಡಿ ತಪ್ಪಿದಾಗ ಹೆಚ್ಚು ಬೆಲೆ ತೆರುವುದು ಬಡಮನೆಯ ಮಗು.

ನಮ್ಮೂರಿನ ಲೆಕ್ಕದಲ್ಲಿ

ಹರಪನಹಳ್ಳಿ ತಾಲ್ಲೂಕಿನ ನೀಲಗುಂದದಂಥ ಊರುಗಳಲ್ಲಿ ಕಳೆ, ಕೊಯ್ಲಿನ ದಿನಗಳಲ್ಲಿ ತಾಯಂದಿರು ಬೆಳಗ್ಗೆಯೇ ಹೊಲಕ್ಕೆ ಹೋಗಬೇಕು. ಮಕ್ಕಳು ಬರೀ ಚಹಾ ಕುಡಿದು ಹೊರಟರೆ ಅದು ಸೋಮಾರಿತನವಲ್ಲ. ಸರ್ಕಾರಿ, ಅನುದಾನಿತ ಶಾಲೆಗಳಲ್ಲಿ 10ನೇ ತರಗತಿವರೆಗಿನ ಮಕ್ಕಳಿಗೆ 2013ರಲ್ಲಿ ಶುರುವಾದ ಕ್ಷೀರ ಭಾಗ್ಯದ 150 ಮಿ.ಲೀ. ಹಾಲು ಸಿಗುತ್ತದೆ. 2024ರಿಂದ ವಾರದಲ್ಲಿ ಕೆಲವು ದಿನ ಅದಕ್ಕೆ ರಾಗಿ ಮಾಲ್ಟ್ ಸೇರಿದೆ. ಆದರೆ ಬಸ್ ಹಿಡಿದು ಪಿಯುಸಿಗೆ ಹೋಗುವ ಹುಡುಗಿಗೆ ಆ ಹಾಲೂ ಇಲ್ಲ, ಬಿಸಿಯೂಟವೂ ಇಲ್ಲ. ಮನೆಯವರು ಮೊದಲು ನೋಡಬೇಕಾದದ್ದು ಅವಳ ಡಬ್ಬಿಯನ್ನು.

ಏನು ಮಾಡಬಹುದು?

ನೆನಪಿನ ಶಕ್ತಿಯ ದುಬಾರಿ ಪುಡಿ ಬೇಕಿಲ್ಲ. ರಾತ್ರಿ ಉಳಿದ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಸಾಕು. ಒಗ್ಗರಣೆ ಮಂಡಕ್ಕಿ ಮಾಡಿದರೆ ಶೇಂಗಾ, ಪುಠಾಣಿ ಜಾಸ್ತಿ ಹಾಕಿ. ಚಹಾ-ಬಿಸ್ಕತ್ತಿಗಿಂತ ಇವು ಹೆಚ್ಚು ಹೊತ್ತು ಹಸಿವು ತಡೆಯುತ್ತವೆ.

ಕೊನೆಯ ಮಾತು: ತಿಂಡಿ ಬಿಟ್ಟರೆ ಮೆದುಳು ಹಾಳು ಎಂಬುದು ಉತ್ಪ್ರೇಕ್ಷೆ. ಹಸಿದ ಹೊಟ್ಟೆಯಲ್ಲಿ ಪಾಠ ತಲೆಗೆ ಹತ್ತುವುದು ಕಷ್ಟ ಎಂಬುದು ನಿಜ. ಫಾರ್ವರ್ಡ್ ಮಾಡುವುದಾದರೆ ಎರಡನೆಯದನ್ನು ಮಾಡಿ.