ತಟ್ಟೆಯಿಲ್ಲದೆ ಲಿನಕ್ಸ್

ವಿಜಯನಗರದ ವೈಭವದ ದಿನಗಳಲ್ಲಿ ಹೂವಿನಹಡಗಲಿಯ ಹೂಗಳು ಹಡಗನ್ನೇರಿ ತುಂಗಭದ್ರೆಯ ಮೇಲೆ ಹಂಪೆಗೆ ಸಾಗುತ್ತಿದ್ದುವೆಂದೂ, ಊರಿಗೆ ಆ ಹೆಸರು ಬಂದುದು ಅದರಿಂದಲೇ ಎಂದೂ ಪ್ರತೀತಿ. ಗಣಕದ ತಂತ್ರಾಂಶಗಳಿಗೂ ಬಹುಕಾಲ ಅಂಥದೊಂದು ವಾಹನ ಬೇಕಾಗಿದ್ದಿತು. ಅದೇ ಸಿ.ಡಿ. ತಟ್ಟೆ. 'ಉಬುಂಟು' ಲಿನಕ್ಸನ್ನು ಹೊರತರುವ ಕೆನಾನಿಕಲ್ ಸಂಸ್ಥೆ, ಕೇಳಿದವರಿಗೆ ತಟ್ಟೆಗಳನ್ನು ಅಂಚೆಯಲ್ಲಿ ಉಚಿತವಾಗಿ ಕಳುಹಿಸುತ್ತಿದ್ದಿತು. 2011ರಲ್ಲಿ ಆ ದಾನ ನಿಂತಿತು. ಈಗಿನ ಹೊಸ ಲ್ಯಾಪ್‌ಟಾಪುಗಳಲ್ಲಂತೂ ತಟ್ಟೆ ಹಾಕುವ ಬಾಯಿಯೇ ಅಪರೂಪ.

ಹಡಗಲಿಯ ವಿದ್ಯಾರ್ಥಿಯೊಬ್ಬನ ಪಾಡನ್ನು ಊಹಿಸಬಹುದು. ಮನೆಯಲ್ಲಿ ಅಂತರ್ಜಾಲ ಮಂದ. ಬೆಂಗಳೂರಿನಿಂದ ಬಂದ ಅಣ್ಣ, 'ಡೆಬಿಯನ್' ಲಿನಕ್ಸಿನ ಡಿ.ವಿ.ಡಿ. ಬಿಂಬವನ್ನು ಪೆನ್‌ಡ್ರೈವಿನಲ್ಲಿ ತಂದುಕೊಟ್ಟಿದ್ದಾನೆ. ಬಿಂಬವೆಂದರೆ ಚಿತ್ರವಲ್ಲ, ತಟ್ಟೆಯ ಮೇಲಿರಬೇಕಾದುದೆಲ್ಲವನ್ನೂ ಅದೇ ಕ್ರಮದಲ್ಲಿ ಹಿಡಿದಿಟ್ಟ ಒಂದೇ ಕಡತ. (ಫ್ಯಾಟ್ 32 ಮಾದರಿಯ ಪೆನ್‌ಡ್ರೈವು 4 ಜಿ.ಬಿ. ಮೀರಿದ ಕಡತವನ್ನು ಒಲ್ಲದು. ಅಣ್ಣ ಇದನ್ನು ಬಸ್ಸು ಹತ್ತುವ ಮೊದಲೇ ಅರಿತಿದ್ದರೆ ಕ್ಷೇಮ.) ಹುಡುಗ ಡೆಬಿಯನ್ನಿನಲ್ಲಿ 'ಗುಬ್ಬಿ', 'ನವಿಲು' ಎಂಬ ಕನ್ನಡ ಅಕ್ಷರಶೈಲಿಗಳನ್ನು ಸ್ಥಾಪಿಸಹೊರಟರೆ, ಇಂಥ ಹೆಸರಿನ ತಟ್ಟೆಯನ್ನು ಹಾಕೆಂದು ಗಣಕ ಪಟ್ಟುಹಿಡಿಯುತ್ತದೆ. ಇಲ್ಲದ ತಟ್ಟೆಯನ್ನು ತರುವುದೆಲ್ಲಿಂದ?

ತರಬೇಕಾಗಿಯೇ ಇಲ್ಲ. ಲಿನಕ್ಸಿನ ತಿರುಳಿನಲ್ಲಿ 'ಲೂಪ್' ಎಂಬ ಏರ್ಪಾಡುಂಟು. ಅದು ಕಡತವೊಂದನ್ನು ತಟ್ಟೆಯೆಂಬಂತೆಯೇ ಗಣಕಕ್ಕೆ ತೋರಿಸುತ್ತದೆ. ಖಾಲಿ ಫೋಲ್ಡರೊಂದನ್ನು ಮಾಡಿ, 'ಮೌಂಟ್' ಆಜ್ಞೆಯಿಂದ ಬಿಂಬವನ್ನು ಅಲ್ಲಿಗೆ ಜೋಡಿಸಿದರೆ ಒಳಗಿನ ಪ್ಯಾಕೇಜುಗಳೆಲ್ಲ ಕೈಗೆಟುಕುತ್ತವೆ. ಆದರೆ ಅವುಗಳ ಪಾರುಪತ್ಯ 'ಆಪ್ಟ್' ಎಂಬ ತಂತ್ರಾಂಶದ್ದು. ಅದರ ಮೂಲಗಳ ಪಟ್ಟಿಯಲ್ಲಿ ಸಿ.ಡಿ.ಯನ್ನು ಹೆಸರಿಸುವ ಸಾಲನ್ನು ತೆಗೆದು, ಆ ಫೋಲ್ಡರಿನ ವಿಳಾಸವನ್ನು ಬರೆದು, 'ಅಪ್‌ಡೇಟ್' ಆಜ್ಞೆ ಕೊಡಬೇಕು. ಬೇಡಿದ ಪ್ಯಾಕೇಜು ಆ ಬಿಂಬದಲ್ಲಿದ್ದರೆ ಕ್ಷಣದಲ್ಲಿ ಬಂದು ಕೂರುತ್ತದೆ. ಇಲ್ಲವಾದರೆ ಎರಡನೆಯ ಬಿಂಬ, ಅದಕ್ಕೊಂದು ಬೇರೆ ಫೋಲ್ಡರು.

ತೊಡಕಿರುವುದು ಮುಂದೆ. ಬಿಂಬದೊಳಗಿನ ಪಟ್ಟಿಗೆ ಡೆಬಿಯನ್ನಿನ ಡಿಜಿಟಲ್ ಸಹಿ ಇರದಿದ್ದರೆ ಆಪ್ಟ್ ಅದನ್ನು ನಂಬುವುದಿಲ್ಲ. 'ನಂಬಬಹುದು' ಎಂದು ಗಣಕದ ಒಡೆಯನೇ ಆ ಸಾಲಿನಲ್ಲಿ ಬರೆದುಕೊಡಬೇಕಾಗುತ್ತದೆ. ಇದು ಹಗುರವಾಗಿ ಕೊಡತಕ್ಕ ಮಾತಲ್ಲ. ಕೈಯಿಂದ ಕೈಗೆ ಬಂದ ಕಡತ ಹಾದಿಯಲ್ಲಿ ಕೆಟ್ಟಿರಬಹುದು, ಯಾರಾದರೂ ಅದರಲ್ಲಿ ಕೈಯಾಡಿಸಿರಲೂಬಹುದು. ಹಾಗೆ ಸ್ಥಾಪಿತವಾದ ತಂತ್ರಾಂಶಕ್ಕೆ ಗಣಕದ ಯಾವ ಬಾಗಿಲೂ ಮುಚ್ಚಿರುವುದಿಲ್ಲ. ಅದಕ್ಕೆಂದೇ ಡೆಬಿಯನ್, ಪ್ರತಿಯೊಂದು ಬಿಂಬದಿಂದಲೂ 'ಎಸ್.ಎಚ್.ಎ.' ವಿಧಾನದಿಂದ ಲೆಕ್ಕಹಾಕಿದ ಉದ್ದನೆಯ ಅಂಕಿಯನ್ನು ತನ್ನ ಸಹಿಯೊಡನೆ ಪ್ರಕಟಿಸುತ್ತದೆ. ಆ ಪಟ್ಟಿ ಅತಿ ಚಿಕ್ಕದು. ಎಷ್ಟೇ ಮಂದವಾದ ಅಂತರ್ಜಾಲದಲ್ಲಿಯೂ ಇಳಿಯುತ್ತದೆ. ಮನೆಯಲ್ಲಿ ಲೆಕ್ಕಹಾಕಿದ ಅಂಕಿ ಅದರೊಡನೆ ತಾಳೆಯಾಗದಿದ್ದರೆ, ಒಂದೇ ಅಕ್ಷರದ ವ್ಯತ್ಯಾಸವಾದರೂ ಸರಿ, ಆ ಬಿಂಬವನ್ನು ಬಳಸತಕ್ಕದ್ದಲ್ಲ, ತಂದವನು ಸ್ವಂತ ಅಣ್ಣನೇ ಆಗಿದ್ದರೂ.

ಬಿಂಬದಲ್ಲಿರುವುದು ಅದು ಸಿದ್ಧವಾದ ದಿನದವರೆಗಿನ ತಂತ್ರಾಂಶ ಮಾತ್ರ. ಬಳಿಕ ಬಂದ ಸುರಕ್ಷತಾ ತಿದ್ದುಪಡಿಗಳಿಗೆ ಅಂತರ್ಜಾಲವನ್ನೇ ಆಶ್ರಯಿಸಬೇಕು. ಇನ್ನು, ಗಣಕವನ್ನು ಆರಿಸಿದರೆ ಮೌಂಟ್ ಜೋಡಣೆ ಕಳಚಿಹೋಗುತ್ತದೆ. ಮರುದಿನ ಬೆಳಿಗ್ಗೆ ಆಪ್ಟ್ ಮತ್ತೆ ಗೊಣಗಿದರೆ, ಅದೇ ಆಜ್ಞೆಯನ್ನು ಇನ್ನೊಮ್ಮೆ ಕೊಟ್ಟರಾಯಿತು.